ಬಾಗಿಲಿನ ಮೇಲಿನ ಬರಹ

2024ರಲ್ಲಿ ತಿದ್ದುಪಡಿಯಾದ ಶಾಸನದಂತೆ ನಮ್ಮ ನಾಡಿನ ಅಂಗಡಿಮುಂಗಟ್ಟುಗಳ ನಾಮಫಲಕಗಳಲ್ಲಿ ನೂರಕ್ಕೆ 60 ಭಾಗ ಕನ್ನಡವಿರತಕ್ಕದ್ದು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಶಾಸನವು ಅಕ್ಷರಗಳ ಅಳತೆಯನ್ನು ಗೊತ್ತುಮಾಡಬಲ್ಲುದಲ್ಲದೆ ಅರ್ಥದ ಅಳತೆಯನ್ನು ಮಾಡಲಾರದು. ಆದುದರಿಂದ ನೆಲಮಂಗಲ ಹೊಸಕೋಟೆಗಳ ಪೇಟೆಗೆ ಹೋಗುವ ನಮ್ಮ ವಾಚಕರು ಫಲಕದ ಕೆಳಗೆ ಅಂಟಿಸುವ ಪ್ರಕಟನೆಗಳನ್ನೂ, ಅವುಗಳಲ್ಲಿಯೂ ಮುಚ್ಚಿದ ಸ್ಥಳವು ಮತ್ತೆ ತೆರೆಯಿತೆಂದು ಸಾರುವವನ್ನೂ, ಗಮನಿಸಬೇಕೆಂದು ಈ ತಿಂಗಳು ಕೋರುತ್ತೇವೆ.

ಇಂಗ್ಲಿಷಿನಲ್ಲಿ ‘ರೀಓಪನ್’ ಎಂಬ ಒಂದೇ ಮಾತು ಅಂಗಡಿಗೂ ಶಾಲೆಗೂ ರಸ್ತೆಗೂ ದೇಗುಲಕ್ಕೂ ಸಲ್ಲುವುದು. ಕನ್ನಡದ ನಡೆ ಬೇರೆ. ನಮ್ಮಲ್ಲಿ ಬಾಗಿಲು ತೆರೆಯುವುದು, ಕೆಲಸ ಆರಂಭವಾಗುವುದು, ದಾರಿ ಸಂಚಾರಕ್ಕೆ ಮುಕ್ತವಾಗುವುದು. ಇವೆಲ್ಲಕ್ಕೂ ‘ಪುನಃ ತೆರೆಯಲಾಗಿದೆ’ ಎಂಬ ಒಂದೇ ಅಚ್ಚನ್ನು ಒತ್ತಿದರೆ ಏನು ತೆರೆಯಿತೆಂಬುದೇ ಮರೆಯಾಗುವುದು.

ಈ ತೊಡಕು ನಮಗೊಬ್ಬರಿಗೇ ಬಂದುದಲ್ಲ. ಹೀಬ್ರೂ ಭಾಷೆಯಲ್ಲಿ ಇದಕ್ಕೆ ‘ನಿಫ್ತಾಹ್ ಮೆಹದಾಶ್’ ಎನ್ನುವರು. ‘ಹದಾಶ್’ ಎಂದರೆ ಹೊಸದು. ಆದರೂ ಆ ಜನಕ್ಕೆ ಆ ಮಾತು ‘ಮತ್ತೆ’ ಎಂಬ ಅರ್ಥವನ್ನೇ ಕೊಡುವುದು. ನಾವು ಅದನ್ನು ಪದಶಃ ಅನುಸರಿಸಿ ‘ಹೊಸದಾಗಿ ತೆರೆದಿದೆ’ ಎಂದು ಬರೆದರೆ, ಹಿಂದೆ ಇಲ್ಲದ ಅಂಗಡಿಯೊಂದು ಹುಟ್ಟಿತೆಂದು ತಿಳಿದು ಹಳೆಯ ಗಿರಾಕಿಯು ಹೊಸ್ತಿಲಿಂದಲೇ ಹಿಂದಿರುಗಿಯಾನು.

ಮಾತಿನ ಈ ಅಸ್ಪಷ್ಟತೆಯಿಂದ ಸಂಸಾರಿಗಳಿಗೆ ಎಷ್ಟು ತೊಂದರೆಯಾಗಬಲ್ಲುದೆಂಬುದಕ್ಕೆ ಕೊರೋನಾ ಕಾಲವೇ ನಿದರ್ಶನ. ದೇವನಹಳ್ಳಿಯ ಕೆಂಪೇಗೌಡ ವಿಮಾನನಿಲ್ದಾಣವು 2020ರ ಮೇ 25ರಂದು ‘ಮತ್ತೆ ತೆರೆಯಿತು’ ಎಂದರೆ ಮಾತು ಪೂರ್ತಿಯಾಗದು. ನಿಲ್ದಾಣವು ಪೂರ್ಣವಾಗಿ ಮುಚ್ಚಿರಲೇ ಇಲ್ಲ. ಸರಕಿನ ವಿಮಾನಗಳು ನಡುವೆಯೂ ಹಾರಾಡುತ್ತಿದ್ದವು. ಅಂದು ಪುನರಾರಂಭವಾದುದು ದೇಶದೊಳಗಿನ ಪ್ರಯಾಣಿಕರ ವಿಮಾನಸಂಚಾರ. ನಿಯತವಾದ ವಿದೇಶೀ ಸಂಚಾರವಾದರೋ 2022ರ ಮಾರ್ಚ್ 27ರವರೆಗೆ ಕಾಯಬೇಕಾಯಿತು. ಪರದೇಶದಲ್ಲಿದ್ದ ಮಗನ ದಾರಿ ನೋಡುತ್ತಿದ್ದ ತಾಯಿಗೆ ಈ ಭೇದವು ಸಣ್ಣದೆ?

ಶಾಲೆಯ ಮಾತೂ ಹಾಗೆಯೇ. 2021ರ ಜನವರಿ 1ರಂದು ನಮ್ಮ ರಾಜ್ಯದಲ್ಲಿ ಶಾಲೆಗಳು ತೆರೆದವೆಂದರೆ, 10ನೆಯ ತರಗತಿಯ ಹುಡುಗನು ಪುಸ್ತಕವನ್ನೆತ್ತಿಕೊಂಡು ಹೊರಟನು. ಆದರೆ 1ರಿಂದ 5ನೆಯ ತರಗತಿಯವರೆಗಿನ ಮಕ್ಕಳಿಗೆ ಪಾಠಗಳು ಆರಂಭವಾದುದು ಅದೇ ವರ್ಷದ ಅಕ್ಟೋಬರ್ 25ರಂದು. ಒಂದೇ ಮಾತಿನೊಳಗೆ ಹತ್ತು ತಿಂಗಳ ಅಂತರವು ಅಡಗಿತ್ತು!

‘ಪುನಃ’ ಎಂಬುದು ಎಲ್ಲೆಡೆಯಲ್ಲಿಯೂ ಬೇಕೆಂದೂ ಅಲ್ಲ. ಹಾಸನದ ಹಾಸನಾಂಬೆಯ ಗುಡಿಯು ವರ್ಷಕ್ಕೊಮ್ಮೆ, ಆಶ್ವಯುಜದ ಹೊತ್ತಿನಲ್ಲಿ, ಕೆಲವೇ ದಿನ ದರ್ಶನಕ್ಕೆ ತೆರೆಯುವುದು. ಜನರು ‘ಅಮ್ಮನ ಬಾಗಿಲು ತೆರೆಯಿತು’ ಎನ್ನುವರೇ ಹೊರತು ‘ಪುನಃ’ ಎನ್ನರು. ಮುಚ್ಚುವುದೇ ಪದ್ಧತಿಯಾದಲ್ಲಿ ತೆರೆಯುವುದಕ್ಕೆ ವಿಶೇಷಣವೇತಕ್ಕೆ? ‘ಬಾಗಿಲು ಮುಚ್ಚು’ ಎನ್ನಲು ಹಿಂಜರಿದು ‘ಮುಂದೆ ಮಾಡು’ ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಉಂಟು. ಇಷ್ಟು ಸೂಕ್ಷ್ಮವನ್ನರಿತ ಭಾಷೆಗೆ ಎರವಲು ಅಚ್ಚಿನ ಅಗತ್ಯವಿಲ್ಲ.

ದಿನಾಂಕದಲ್ಲಿಯೂ ಎಚ್ಚರ ಬೇಕು. ‘10ರವರೆಗೆ ಮುಚ್ಚಿದೆ’ ಎಂದರೆ 10ರಂದು ಬಾಗಿಲು ತೆರೆದಿರುವುದೋ ಇಲ್ಲವೋ ತಿಳಿಯದು. ಹಳ್ಳಿಯಿಂದ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಔಷಧಕ್ಕೆಂದು ಬಂದ ವೃದ್ಧನಿಗೆ ಅದರಿಂದ ಒಂದು ದಿನವೂ ಬಸ್ಸಿನ ಹಣವೂ ನಷ್ಟ. ‘11ನೆಯ ತಾರೀಖು ಬೆಳಿಗ್ಗೆ ಬಾಗಿಲು ತೆರೆಯುವೆವು’ ಎಂದರೆ ಸಂಶಯವೇ ಇಲ್ಲ.

ನಮ್ಮ ಬಿನ್ನಹವಿಷ್ಟೆ: ಮನೆಯಲ್ಲಿ ಎರಡು ಭಾಷೆ ಬಲ್ಲ ಮಕ್ಕಳಿದ್ದರೆ ನೆರೆಯ ಅಂಗಡಿಯವರಿಗೆ ಇಂತಹ ಪ್ರಕಟನೆಯೊಂದನ್ನು ಅವರಿಂದ ಬರೆಯಿಸಿರಿ. ಏನು ತೆರೆಯುವುದು, ಯಾರಿಗೆ, ಯಾವ ದಿನ, ಎಷ್ಟು ಗಂಟೆಗೆ ಎಂಬ ನಾಲ್ಕಕ್ಕೂ ಅದರಲ್ಲಿ ಉತ್ತರವಿರಲಿ. ಬರೆದುದನ್ನು ಇಂಗ್ಲಿಷು ತಿಳಿಯದ ಹಿರಿಯರೊಬ್ಬರಿಗೆ ಓದಿ ಹೇಳಿ, ಅವರಿಗೆ ತಿಳಿದ ಮೇಲೆಯೇ ಅಂಟಿಸಲಿ.