ಕಾರ್ನಿಯಾ ಕಸಿಯ ನಂತರ ಕಣ್ಣಿನ ಒತ್ತಡ ಏಕೆ ಏರುತ್ತದೆ?

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಸಿಕ್ಕ ಸುದ್ದಿ ನಮಗೆಲ್ಲ ನೆನಪಿದೆ. ಇದು ಹೇಗೆ ಸಾಧ್ಯ? ಕಸಿ ಮಾಡುವುದು ಇಡೀ ಕಣ್ಣನ್ನಲ್ಲ, ಅದರ ಮುಂಭಾಗದಲ್ಲಿರುವ ಪಾರದರ್ಶಕ ಕಾರ್ನಿಯಾವನ್ನು ಮಾತ್ರ. ಒಂದು ಕಾರ್ನಿಯಾದ ಮುಂದಿನ ಮತ್ತು ಹಿಂದಿನ ಪದರಗಳನ್ನು ಬೇರ್ಪಡಿಸಿ ಇಬ್ಬರಿಗೆ ನೀಡಬಹುದು.

ಆದರೆ ಕಸಿ ಆದೊಡನೆ ಚಿಕಿತ್ಸೆ ಮುಗಿಯಿತು ಎಂಬುದು ತಪ್ಪು ಕಲ್ಪನೆ. ಆ ನಂತರ ಕಾಡಬಹುದಾದ ದೊಡ್ಡ ತೊಂದರೆಗಳಲ್ಲಿ ಒಂದು ಗ್ಲಾಕೋಮಾ.

ಏನಿದು ಕಣ್ಣಿನ ಒತ್ತಡ?

ಇದಕ್ಕೂ ಬಿ.ಪಿ.ಗೂ ಗೊಂದಲ ಬೇಡ. ಕಣ್ಣಿನೊಳಗೆ ನೀರಿನಂಥ ದ್ರವ ಸದಾ ಉತ್ಪತ್ತಿಯಾಗಿ, ಕಾರ್ನಿಯಾದ ಅಂಚಿನ ಸೂಕ್ಷ್ಮ ಜಾಲರಿಯ ಮೂಲಕ ಹೊರಹೋಗುತ್ತದೆ. ಆ ದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿ.ಮೀ. ಪಾದರಸದಷ್ಟು. ಏರಿದ ಒತ್ತಡ ದೃಷ್ಟಿನರವನ್ನು ಹಾಳುಮಾಡುವುದೇ ಗ್ಲಾಕೋಮಾ.

ಕಸಿಗೂ ಇದಕ್ಕೂ ಏನು ಸಂಬಂಧ?

ದಾನಿಯ ಕಾರ್ನಿಯಾವನ್ನು ದೇಹ ತಿರಸ್ಕರಿಸದಂತೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹನಿ ಹಾಕಬೇಕಾಗುತ್ತದೆ. ಕೆಲವರಲ್ಲಿ ಇದೇ ಔಷಧ ಜಾಲರಿಯ ಹರಿವನ್ನು ತಗ್ಗಿಸುತ್ತದೆ. ಉರಿಯೂತ, ಐರಿಸ್ ಜಾಲರಿಗೆ ಅಂಟಿಕೊಳ್ಳುವುದು ಇತರ ಕಾರಣಗಳು. ಮೊದಲೇ ಗ್ಲಾಕೋಮಾ ಇದ್ದವರಿಗೆ ಅಪಾಯ ಹೆಚ್ಚು.

ಹಾಗೆಂದು ಹನಿಯನ್ನು ನಾವೇ ನಿಲ್ಲಿಸಬಹುದೇ? ಖಂಡಿತ ಬೇಡ, ಕಸಿಯೇ ವಿಫಲವಾಗಬಹುದು. ಪ್ರಮಾಣ ತಗ್ಗಿಸುವುದು, ಔಷಧ ಬದಲಿಸುವುದು, ಒತ್ತಡ ಇಳಿಸುವ ಹನಿ ಸೇರಿಸುವುದು ವೈದ್ಯರ ತೀರ್ಮಾನ. ಹನಿಯಿಂದ ಆಗದಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ.

ಗೊತ್ತಾಗುವುದು ಹೇಗೆ?

ಬಹುತೇಕ ಬಾರಿ ನೋವೇ ಇರುವುದಿಲ್ಲ. ದೃಷ್ಟಿ ಅಂಚಿನಿಂದ ಸವೆಯುವುದರಿಂದ, ಎದುರಿನದು ಸ್ಪಷ್ಟವಾಗಿ ಕಾಣುತ್ತಿದ್ದರೂ ಒಳಗೆ ಹಾನಿ ನಡೆದಿರಬಹುದು. ಅಳತೆಯೂ ಸುಲಭವಲ್ಲ. ಸಾಧನವು ಕಾರ್ನಿಯಾವನ್ನು ಒತ್ತಿ ಅಳೆಯುತ್ತದೆ. ಕಸಿಯಾದ ಕಾರ್ನಿಯಾದ ದಪ್ಪ, ಊತ, ಹೊಲಿಗೆಗಳಿಂದ ಅಂಕಿ ಏರುಪೇರಾಗಬಹುದು. ಆದ್ದರಿಂದ ಒಂದೇ ಅಳತೆಯನ್ನು ನೆಚ್ಚದೆ, ದೃಷ್ಟಿನರವನ್ನೂ ಪರೀಕ್ಷಿಸುತ್ತಾರೆ.

ಒತ್ತಡವು ಕಸಿಗೂ ಶತ್ರು. ಕಾರ್ನಿಯಾವನ್ನು ತಿಳಿಯಾಗಿಡುವ ಒಳಪದರದ ಕೋಶಗಳು ಒತ್ತಡಕ್ಕೆ ಸಿಕ್ಕಿ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಕಾರ್ನಿಯಾ ಮಸುಕಾದರೆ ಮತ್ತೊಂದು ಕಸಿ ಮಾಡಬಹುದು. ದೃಷ್ಟಿನರಕ್ಕೆ ಕಸಿಯಿಲ್ಲ.

ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂದು ತಪಾಸಣೆ ತಪ್ಪಿಸಬೇಡಿ. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ, ಮಂಜಾದರೆ ಅಂದೇ ವೈದ್ಯರನ್ನು ಕಾಣಿ. ಯಾರೋ ಬಿಟ್ಟುಹೋದ ಬೆಳಕನ್ನು ಉಳಿಸಿಕೊಳ್ಳುವ ಹೊಣೆ ನಮ್ಮದೂ ಹೌದು.