ಎರಡು ಉತ್ತರಗಳ ಲೆಕ್ಕ

ಡಿಸಿ ಜಾಲದಲ್ಲಿ ಆವರ್ತನವಿಲ್ಲ, ಹಂತಕೋನವಿಲ್ಲ, ಆದ್ದರಿಂದ ವಿದ್ಯುತ್ತು ಎಲ್ಲಿಂದ ಎಲ್ಲಿಗೆ ಎಷ್ಟು ಹರಿಯುತ್ತದೆಂದು ತಿಳಿಯಲು ಓಮನ ನಿಯಮವೇ ಸಾಕೆಂಬ ಮಾತು ತಾಂತ್ರಿಕ ಬರಹಗಳಲ್ಲಿ ಸಲೀಸಾಗಿ ಬಂದುಹೋಗುತ್ತದೆ. 2003ರಲ್ಲಿ ಚಾಲನೆಗೊಂಡ ತಾಲ್ಚೇರ್–ಕೋಲಾರ ಮಾರ್ಗಕ್ಕಿರುವುದು ಎರಡೇ ತುದಿಯಾದ್ದರಿಂದ ಅಲ್ಲಿನ ಲೆಕ್ಕ ಶಾಲೆಯ ಸೂತ್ರದಲ್ಲೇ ಮುಗಿದೀತು. ನಾಲ್ಕು ಕೇಂದ್ರಗಳನ್ನು ಉಂಗುರವಾಗಿ ಜೋಡಿಸಿದ ಚೀನಾದ ಝಾಂಗ್‌ಬೇ ಜಾಲದಲ್ಲಿ ಹಾಗಾಗದು. ಎಲೆಕ್ಟ್ರಾನಿಕ್ ಪರಿವರ್ತಕದ ಹಿಂದಿರುವ ಹೊರೆ ವೋಲ್ಟೇಜ್ ಇಳಿದರೂ ತನ್ನ ಪಾಲಿನ ಕಿಲೋವ್ಯಾಟ್ ಬಿಡದೆ, ಇಳಿದಷ್ಟೂ ಹೆಚ್ಚು ಕರೆಂಟ್ ಎಳೆಯುತ್ತದೆ. ಸ್ಥಿರಶಕ್ತಿ ಹೊರೆಯೆಂದು ಕರೆಯುವ ಇದರಿಂದಾಗಿ, ಕಂಡುಹಿಡಿಯಬೇಕಾದ ವೋಲ್ಟೇಜೇ ಛೇದದಲ್ಲಿ ಕುಳಿತು ಸಮೀಕರಣ ವಕ್ರವಾಗುತ್ತದೆ.

ಅಂಥ ಸಮೀಕರಣವನ್ನು ಅಂದಾಜಿನಿಂದ ಅಂದಾಜಿಗೆ ತಿದ್ದುತ್ತ ಬಿಡಿಸಬೇಕು. ಟಿನ್ನಿ ಮತ್ತು ಹಾರ್ಟ್ 1967ರಲ್ಲಿ ಎಸಿ ಜಾಲಗಳಿಗೆ ಒಗ್ಗಿಸಿಕೊಟ್ಟ ನ್ಯೂಟನ್–ರಾಫ್ಸನ್ ವಿಧಾನವೇ ಡಿಸಿಗೂ ಬರುತ್ತದೆ. ಈ ಜೋಡಿಹೆಸರಿನಲ್ಲಿ ಮೂರನೆಯವನೊಬ್ಬ ಬಿಟ್ಟುಹೋಗಿದ್ದಾನೆ, ಪಠ್ಯಪುಸ್ತಕಗಳು ತಿದ್ದಿಕೊಳ್ಳುವವರೆಗೆ ಅದನ್ನು ಹೇಳದೆ ಬಿಡುವಂತಿಲ್ಲ. ನ್ಯೂಟನ್ ಹೆಜ್ಜೆಗೊಂದು ಹೊಸ ಬಹುಪದವನ್ನು ಕಟ್ಟಿಕೊಂಡು ನಡೆದ, ರಾಫ್ಸನ್ 1690ರಲ್ಲಿ ಒಂದೇ ಸೂತ್ರವನ್ನು ಮತ್ತೆ ಮತ್ತೆ ಬಳಸುವ ದಾರಿ ತೋರಿಸಿದ, ಆದರೆ ಇಬ್ಬರೂ ಬಹುಮಟ್ಟಿಗೆ ಬಹುಪದಗಳಲ್ಲೇ ಉಳಿದರು. ಕಲನಶಾಸ್ತ್ರವನ್ನು ಬಳಸಿ ವಿಧಾನವನ್ನು ಬೇರೆ ಬಗೆಯ ಸಮೀಕರಣಗಳಿಗೂ, ಎರಡು ಅಜ್ಞಾತಗಳ ಜೋಡಿಗೂ ಹಿಗ್ಗಿಸಿದವನು 1740ರ ಥಾಮಸ್ ಸಿಂಪ್ಸನ್. ಜಾಲದ ಲೆಕ್ಕಕ್ಕೆ ಬೇಕಾದದ್ದು ಇದೇ ಹಿಗ್ಗಿಸಿದ ರೂಪ. ಸಿಂಪ್ಸನ್‌ನ ಹೆಸರು ಮಾತ್ರ ಅವನಿಗಿಂತ ಮೊದಲೇ ಬಳಕೆಯಲ್ಲಿದ್ದ ಕ್ಷೇತ್ರಫಲದ ನಿಯಮವೊಂದಕ್ಕೆ ಅಂಟಿಕೊಂಡಿದೆ.

400 ವೋಲ್ಟಿನ ಮೂಲದಿಂದ 1 ಓಮ್ ರೋಧದ ತಂತಿಯ ಮೂಲಕ 30 ಕಿಲೋವ್ಯಾಟ್ ಹೊರೆಯನ್ನು ಉಣಿಸುವ ಲೆಕ್ಕವನ್ನು 400ರಿಂದ ಆರಂಭಿಸಿದರೆ, ನ್ಯೂಟನ್–ರಾಫ್ಸನ್ ವಿಧಾನ 325, 302.5, 300.03 ಎಂದು ದಾಪುಗಾಲಿಡುತ್ತದೆ. ಮೂಲದ ವೋಲ್ಟೇಜಿನಿಂದ ತಂತಿಯಲ್ಲಾಗುವ ಇಳಿತವನ್ನು ಕಳೆದು, ಬಂದ ಉತ್ತರವನ್ನೇ ಮತ್ತೆ ಹಾಕುತ್ತ ಹೋಗುವ ಕ್ರಮಾನುಗತ ಅಂದಾಜಿನ ವಿಧಾನ 325, 307.7, 302.5, 300.8 ಎಂದು ನಿಧಾನವಾಗಿ ಬರುತ್ತದೆ. ಎರಡರಲ್ಲಿ ವೇಗದ್ದು ಯಾವುದೆಂದು ಎಣಿಸಿ ಪ್ರಬಂಧಗಳು ಮುಗಿಯುತ್ತವೆ.

ಆದರೆ ವರ್ಗಸಮೀಕರಣವಾಗಿ ನಿಲ್ಲುವ ಈ ಲೆಕ್ಕಕ್ಕೆ 300ರ ಜೊತೆಗೆ 100 ವೋಲ್ಟ್ ಎಂಬ ಇನ್ನೊಂದು ಉತ್ತರವೂ ಉಂಟು. ತಂತಿಯಲ್ಲೇ 90 ಕಿಲೋವ್ಯಾಟ್ ಸುಡುವ ಆ ಸ್ಥಿತಿ ಯಾರಿಗೂ ಬೇಡವಾದರೂ, 150ರಿಂದ ಹೊರಟ ನ್ಯೂಟನ್ ವಿಧಾನ ಯಾವ ಎಚ್ಚರಿಕೆಯನ್ನೂ ಕೊಡದೆ ಅಲ್ಲಿಗೇ ತಲುಪುತ್ತದೆ, ಸರಿಯಾಗಿ 200ರಿಂದ ಹೊರಟರೆ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ನಿಂತುಬಿಡುತ್ತದೆ. ನಿಧಾನದ ವಿಧಾನವಾದರೋ ಅದೇ 150ರಿಂದ ಹೊರಟು 200, 250, 280 ಎಂದು ಮೇಲೇರಿ 300ಕ್ಕೇ ಬರುತ್ತದೆ. ಹಾಗಾಗಿ ಕೇಳಬೇಕಾದದ್ದು ವೇಗವನ್ನಲ್ಲ. ಉತ್ತರವಿದೆಯೇ, ಇದ್ದರೆ ಸಿಕ್ಕಿದ್ದು ಯಾವುದು ಎಂಬುದನ್ನು. ಹೊರೆ 40 ಕಿಲೋವ್ಯಾಟಿಗೇರಿದಾಗ ಎರಡು ಉತ್ತರಗಳೂ 200ರಲ್ಲಿ ಒಂದಾಗುತ್ತವೆ, ಅದನ್ನು ಮೀರಿದರೆ ಉತ್ತರವೇ ಇರುವುದಿಲ್ಲ. ಆಗ ಗಣಕ ಲೆಕ್ಕ ಹೊಂದಲಿಲ್ಲವೆಂದಷ್ಟೇ ಮುದ್ರಿಸುತ್ತದೆ. ಸೋತದ್ದು ವಿಧಾನವೋ ಜಾಲವೋ ಎಂದು ಹೇಳುವುದಿಲ್ಲ. ಎರಡು ತುದಿಗಳ ಮಾರ್ಗಕ್ಕಾದರೆ ವೋಲ್ಟೇಜಿನ ವರ್ಗವನ್ನು ರೋಧದ ನಾಲ್ಕು ಪಟ್ಟಿನಿಂದ ಭಾಗಿಸಿ ಮಿತಿಯನ್ನು ತಿಳಿಯಬಹುದು, ಉಂಗುರದ ಜಾಲಕ್ಕೆ ಅಷ್ಟು ಚುಟುಕಾದ ಸೂತ್ರವಿಲ್ಲ. ಹೊರೆಯನ್ನು ಚೂರುಚೂರೇ ಏರಿಸುತ್ತ, ಪ್ರತಿ ಸಲವೂ ಹಿಂದಿನ ಉತ್ತರದಿಂದ ಹೊರಟು ಅಂಚನ್ನು ಹುಡುಕಬೇಕಾಗುತ್ತದೆ.