ಬದಲಿ ಗೋಲ್‌ಕೀಪರ್ ಮತ್ತು ನಮ್ಮ ಅವಲೋಕನ ಪುಸ್ತಕ

ಬೋಧನಾ ಅಭ್ಯಾಸದ ದಿನಗಳಲ್ಲಿ ನಾವು ಪಾಠ ಮಾಡುವುದಕ್ಕಿಂತ ಹೆಚ್ಚು ಹೊತ್ತು ಪಾಠ ನೋಡುತ್ತೇವೆ. ಆದರೆ ಸಿದ್ಧತೆ, ಆತಂಕ, ಅಂಕಗಳ ಲೆಕ್ಕಾಚಾರ ಎಲ್ಲವೂ ಪಾಠ ಮಾಡುವ 40 ನಿಮಿಷಕ್ಕೇ ಮೀಸಲು. ಸಹಪಾಠಿಯ ಪಾಠಕ್ಕೆ ಕುಳಿತುಕೊಳ್ಳುವ ಅವಧಿ ಎಂದರೆ ಬಿಡುವಿನ ಅವಧಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಕ್ರಮ. ಏಕೆಂದು ವಿವರಿಸಲು ಫುಟ್‌ಬಾಲ್ ಗೋಲ್‌ಕೀಪರ್ ಒಬ್ಬರ ವೃತ್ತಿಜೀವನವನ್ನು ಇಲ್ಲಿ ನೆನೆಯುತ್ತೇನೆ.

ನುನೊ ಎಸ್ಪಿರಿಟೊ ಸ್ಯಾಂಟೊ 1974ರಲ್ಲಿ ಸಾವೊ ಟೋಮೆ ದ್ವೀಪದಲ್ಲಿ ಹುಟ್ಟಿದರು. ಅದು ಆಗ ಪೋರ್ಚುಗಲ್‌ನ ವಸಾಹತು. ಆಟಗಾರರಾಗಿ ಅವರು ಅಲೆದಾಡಿದ ಊರುಗಳು ಹಲವು: ಪೋರ್ಚುಗಲ್‌ನ ಗಿಮರಾಯಿಸ್, ಸ್ಪೇನ್‌ನ ಡಿಪೋರ್ಟಿವೊ ಲಾ ಕೊರುನ್ಯಾ, ಅಲ್ಲಿಂದ ಎರವಲು ಆಟಗಾರರಾಗಿ ಮೆರಿಡಾ ಮತ್ತು ಒಸಾಸುನಾ, ಆಮೇಲೆ ಪೋರ್ಟೊ, ಡೈನಮೊ ಮಾಸ್ಕೊ, ಅವೆಸ್, ಕೊನೆಗೆ ಮತ್ತೆ ಪೋರ್ಟೊ. 2008ರ ಯೂರೋ ಕಪ್‌ಗೆ ಪೋರ್ಚುಗಲ್ ತಂಡದಲ್ಲಿ ಸ್ಥಾನ ಸಿಕ್ಕರೂ ದೇಶದ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಜೋಸ್ ಮೊರಿನ್ಯೊ ತರಬೇತಿಯಲ್ಲಿ ಪೋರ್ಟೊ 2003ರಲ್ಲಿ ಯುಇಎಫ್‌ಎ ಕಪ್, 2004ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಾಗ ಎರಡೂ ಫೈನಲ್‌ಗಳಲ್ಲಿ ಗೋಲು ಕಾದವರು ವಿಟರ್ ಬಯಾ. ನುನೊ ಬೆಂಚಿನ ಮೇಲಿದ್ದರು.

ಬದಲಿ ಗೋಲ್‌ಕೀಪರ್‌ನ ಸ್ಥಿತಿ ಉಳಿದ ಬದಲಿ ಆಟಗಾರರಿಗಿಂತ ಬೇರೆ. ಮುನ್ನಡೆ ಆಟಗಾರ ದಣಿದರೆ ಇನ್ನೊಬ್ಬನನ್ನು ಕಣಕ್ಕೆ ಇಳಿಸುತ್ತಾರೆ. ಮೊದಲ ಗೋಲ್‌ಕೀಪರ್‌ಗೆ ಪೆಟ್ಟಾಗದಿದ್ದರೆ, ಕೆಂಪು ಕಾರ್ಡ್ ಬೀಳದಿದ್ದರೆ ಎರಡನೆಯವನಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. 90 ನಿಮಿಷ ಆಡುವವನಂತೆಯೇ ಸಿದ್ಧವಾಗಿದ್ದು, ನೋಡುತ್ತ ಕೂರಬೇಕು. ನೋಡುವುದೇ ಅವನ ಕೆಲಸ.

ನುನೊ ಆ ಕೆಲಸವನ್ನು ಅಷ್ಟಕ್ಕೇ ಬಿಡಲಿಲ್ಲ. ಇನ್ನೂ ಆಟಗಾರರಾಗಿದ್ದಾಗಲೇ ಸ್ಕಾಟ್ಲೆಂಡ್‌ನ ಲಾರ್ಗ್ಸ್‌ನಲ್ಲಿ ಕೋಚಿಂಗ್ ತರಬೇತಿ ಪಡೆದರು. ನಮ್ಮ ಬಿ.ಇಡಿ. ಇದ್ದಂತೆ ಎನ್ನಬಹುದು. ಅಲ್ಲಿ ಪರಿಚಯವಾದ ಇಯಾನ್ ಕ್ಯಾಥ್ರೊ ಆಗ ಇಪ್ಪತ್ತರ ಆರಂಭದ ಹುಡುಗ, ವೃತ್ತಿಪರ ಫುಟ್‌ಬಾಲ್ ಆಡಿದವರೂ ಅಲ್ಲ. ಮುಂದೆ ಅವರೇ ರಿಯೊ ಅವೆ, ವೆಲೆನ್ಸಿಯಾ ತಂಡಗಳಲ್ಲಿ ನುನೊಗೆ ಸಹಾಯಕರಾದರು. ಯೂರೋಪಿನ ಅತಿ ದೊಡ್ಡ ಕಪ್ ಗೆದ್ದ ತಂಡದಲ್ಲಿದ್ದವರು ಆಡಿದ ಹೆಸರನ್ನಲ್ಲ, ಕಲಿಸುವ ಬಗೆಯನ್ನು ನೋಡಿದರು ಎಂದೇ ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ.

2010ರಲ್ಲಿ ಆಟ ನಿಲ್ಲಿಸಿ ಗೋಲ್‌ಕೀಪಿಂಗ್ ಕೋಚ್ ಆದರು. 2012ರಲ್ಲಿ ರಿಯೊ ಅವೆ ತಂಡದ ಮುಖ್ಯ ಕೋಚ್ ಆಗಿ, 2014ರಲ್ಲಿ ಆ ಸಣ್ಣ ತಂಡವನ್ನು ಪೋರ್ಚುಗಲ್‌ನ ಎರಡೂ ಕಪ್‌ಗಳ ಫೈನಲ್‌ಗೆ ಒಯ್ದರು. ಇಂಗ್ಲೆಂಡಿನ ವುಲ್ವ್ಸ್ ತಂಡ ಅವರ ಕೈಯಲ್ಲಿ 2018ರಲ್ಲಿ 99 ಅಂಕಗಳೊಂದಿಗೆ ಎರಡನೇ ಸ್ತರದ ಲೀಗ್ ಗೆದ್ದು ಪ್ರೀಮಿಯರ್ ಲೀಗ್‌ಗೆ ಬಂತು. ಅಲ್ಲಿ ಸತತ ಎರಡು ವರ್ಷ 7ನೇ ಸ್ಥಾನ ಪಡೆಯಿತು.

ಬೆಂಚಿನ ಮೇಲೆ ಕೂತವರೆಲ್ಲ ಒಳ್ಳೆಯ ಕೋಚ್ ಆಗುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಕೂತರೆ ಸಾಲದು, ಏನನ್ನು ನೋಡಬೇಕೆಂದು ಗೊತ್ತಿರಬೇಕು. ನಮ್ಮ ಕೊರತೆ ಇರುವುದೂ ಅಲ್ಲೇ. ಅವಲೋಕನ ಪುಸ್ತಕದ ಅಂಕಣಗಳು ಕೇಳುವುದು ಪೀಠಿಕೆ ಹೇಗಿತ್ತು, ಧ್ವನಿಯ ಏರಿಳಿತ ಹೇಗಿತ್ತು, ಕಪ್ಪುಹಲಗೆ ಬರಹ ಅಂದವಾಗಿತ್ತೇ ಎಂದು. ಎಲ್ಲವೂ ಶಿಕ್ಷಕನ ಕುರಿತು. ಮಗುವಿನ ಕುರಿತು ಒಂದು ಅಂಕಣವೂ ಇಲ್ಲ. ಹಾಗಾಗಿ ‘ಧ್ವನಿ ಸ್ಪಷ್ಟವಾಗಿತ್ತು, ಉದಾಹರಣೆಗಳು ಸೂಕ್ತವಾಗಿದ್ದವು’ ಎಂಬ ಎರಡು ವಾಕ್ಯ ಎಲ್ಲರ ಪುಸ್ತಕದಲ್ಲೂ ಓಡಾಡುತ್ತವೆ.

ಈ ಅವಧಿಯಲ್ಲಿ ಎಂಟನೇ ತರಗತಿಗೆ ಘರ್ಷಣೆಯ ಪಾಠವನ್ನು ನನ್ನ ಸಹಪಾಠಿಯೊಬ್ಬರು ಚೆನ್ನಾಗಿಯೇ ಮಾಡಿದರು. ಮುಂದಿನ ಸಾಲುಗಳಲ್ಲಿ ಕೈಗಳು ಸಾಲುಸಾಲಾಗಿ ಎದ್ದವು. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕದಲ್ಲಿದ್ದ ಹುಡುಗ ಮಾತ್ರ ನೋಟ್ ಪುಸ್ತಕದಲ್ಲಿ ‘ಘರ್ಷಣೆ ಇಲ್ಲದಿದ್ದರೆ ನಡೆಯುವುದು ಸುಲಭ’ ಎಂದು ಬರೆದುಕೊಂಡಿದ್ದ. ಘರ್ಷಣೆ ಚಲನೆಯನ್ನು ತಡೆಯುತ್ತದೆ ಎಂದು ಆಗಷ್ಟೇ ಕೇಳಿದ್ದವನಿಗೆ ಅದು ಸಹಜ ತರ್ಕ. ಕಪ್ಪುಹಲಗೆಯ ಬಳಿ ನಿಂತವರಿಗೆ ಆ ವಾಕ್ಯ ಕಾಣುವಂತಿರಲಿಲ್ಲ, ನನಗೆ ಕಂಡಿತು. ಮರುದಿನ ಇನ್ನೊಂದು ವಿಭಾಗಕ್ಕೆ ಅದೇ ಪಾಠ ಮಾಡುವಾಗ ಪಾಚಿ ಕಟ್ಟಿದ ಕಲ್ಲಿನ ಮೇಲೆ ನಡೆಯುವ ಪ್ರಶ್ನೆಯಿಂದಲೇ ಶುರು ಮಾಡಿದೆ. ಕಾಲು ಏಕೆ ಜಾರುತ್ತದೆ ಎಂದು ಮಕ್ಕಳೇ ಹೇಳತೊಡಗಿದರು.

ನುನೊ ಬದುಕಿನ ಇನ್ನೊಂದು ಘಟ್ಟವನ್ನೂ ಮರೆಯಬಾರದು. 2021ರಲ್ಲಿ ಟಾಟನ್‌ಹ್ಯಾಮ್ ಸೇರಿ ಆಗಸ್ಟ್ ತಿಂಗಳ ಶ್ರೇಷ್ಠ ಮ್ಯಾನೇಜರ್ ಪ್ರಶಸ್ತಿ ಪಡೆದವರು ನವೆಂಬರ್ 1ರಂದು ಕೆಲಸ ಕಳೆದುಕೊಂಡರು. 2023ರಲ್ಲಿ ಸೌದಿಯ ಅಲ್ ಇತ್ತಿಹಾದ್ ತಂಡಕ್ಕೆ ಲೀಗ್ ಗೆದ್ದುಕೊಟ್ಟರು. ಒಂದೇ ಪಾಠ ನೋಡಿ ಪ್ರಶಿಕ್ಷಣಾರ್ಥಿಯ ಹಣೆಬರಹ ಬರೆಯುವ ನಮ್ಮ ಪದ್ಧತಿಯೂ ಇದನ್ನು ಗಮನಿಸಬೇಕು. ಕಲಿಸುವವನನ್ನು ಒಂದು ತರಗತಿಯಿಂದ ಅಳೆಯಲಾಗದು.

ಆದ್ದರಿಂದ ನಮ್ಮ ಉಪನ್ಯಾಸಕರ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಅವಲೋಕನ ಪುಸ್ತಕದ ಅರ್ಧ ಪುಟ ಮಕ್ಕಳಿಗೆ ಮೀಸಲಾಗಲಿ: ಒಂದು ಮಗುವನ್ನು ಆರಿಸಿಕೊಂಡು ಅದು ಏನು ಬರೆಯಿತು, ಎಲ್ಲಿ ತಡವರಿಸಿತು ಎಂದು ದಾಖಲಿಸೋಣ. ಪಾಠದ ನಂತರದ ಚರ್ಚೆಯಲ್ಲಿ ಮೇಲ್ವಿಚಾರಕರಿಗಿಂತ ಮೊದಲು ಅವಲೋಕಿಸಿದವರು ಮಾತನಾಡಲಿ. ಮತ್ತು ಅವಲೋಕನಕ್ಕೆ ಕೊಡುವ ಅಂಕ ಪುಟಗಳ ಸಂಖ್ಯೆಗಲ್ಲ, ಕಂಡುಕೊಂಡ ವಿಷಯಕ್ಕೆ ಸಿಗಲಿ.

ಎರಡು ವರ್ಷಗಳ ಬಿ.ಇಡಿ.ಯಲ್ಲಿ ಇನ್ನೊಬ್ಬರ ತರಗತಿಯ ಹಿಂದೆ ಕುಳಿತು ನೋಡುವ ಅವಕಾಶ ನಮಗಿದೆ. ನೌಕರಿ ಸಿಕ್ಕಮೇಲೆ ಪ್ರತಿ ಅವಧಿಯಲ್ಲೂ ಕಪ್ಪುಹಲಗೆಯ ಮುಂದೆ ನಾವೇ ನಿಂತಿರುತ್ತೇವೆ. ಹಿಂದಿನ ಬೆಂಚಿನ ನೋಟ್ ಪುಸ್ತಕ ಆಗ ಅಷ್ಟು ಹತ್ತಿರದಿಂದ ಕಾಣುವುದಿಲ್ಲ.